ಆಲಿಕೆಯೊಳಗಿನ ಬಾಡಿಗೆದಾರಳು

ಹಾಲು ಅಳೆಯುವ ದಿನವೆಂದು, ಬೇಸಿಗೆಗೆ ಮೇಲೆ ಮೇಯಲು ಬಿಟ್ಟ ಹಸುಗಳ ಒಡೆಯರೆಲ್ಲ ಪಾದ್ರಿಗಳೊಂದಿಗೆ ಕಣಿವೆಯಿಂದ ಬೆಟ್ಟ ಹತ್ತಿ ಬಂದಿದ್ದರು. ಸಂಜೆಯಾದೊಡನೆ ಟೋಪಿ ತೆಗೆದು ಹುಲ್ಲುಗಾವಲಿನ ನಡುವಿನ ಶಿಲುಬೆಯ ಸುತ್ತ ನಿಂತರು. ದನಗಾಹಿ ಆಂಬ್ರೋಸ್ ಗಂಟಲು ಸರಿಮಾಡಿಕೊಂಡು, ಶಿಲುಬೆಯ ಬುಡದ ಹುಲ್ಲಿನಲ್ಲಿ ಬಿದ್ದಿದ್ದ ಮರದ ಆಲಿಕೆಯನ್ನು ಎತ್ತಿದ. ಹಾಲು ಸೋಸುವಂಥ ಆ ಆಲಿಕೆಯನ್ನು ಬಾಯಿಗಿಟ್ಟು ದಿನಾ ಸಂಜೆ ದೇವರ ರಕ್ಷೆ ಕೂಗಬೇಕು. ಕೂಗು ಮುಟ್ಟುವಷ್ಟು ದೂರ ದನಗಳಿಗೆ ಕೇಡಿಲ್ಲ. ಆಲಿಕೆಯಲ್ಲಿ ಕರೆದರೆ ದೇವರು ಆಲಿಸದೆ ಇರುತ್ತಾನೆಯೇ?

ಒಳಗಿಂದ ಬುರ್ರೆಂದು ಹಾರಿದ ಪಿಪಿಟ್ ಹಕ್ಕಿ ಅವನ ಮೂಗಿಗೆ ಬಡಿದು, ಮೀಸೆಯ ಮೇಲೆ ಬೆಳ್ಳಗೆ ಸಹಿ ಹಾಕಿ ಹೋಯಿತು.

"ಫಾದರ್, ಇವತ್ತು ಆಶೀರ್ವಾದ ಮೇಲಿಂದ ನೇರವಾಗಿ ಬಂತು!" ಎಂದ ಕಮ್ಮಾರ ಟೋನಿ. ಎಲ್ಲರೂ ನಕ್ಕರು.

ವಿಧವೆ ಅಗಾಥಾ ನಗಲಿಲ್ಲ. ಆಲಿಕೆಯೊಳಗೆ ಬಗ್ಗಿ ನೋಡಿದಳು. ಒಣಹುಲ್ಲಿನ ಅಚ್ಚುಕಟ್ಟಾದ ಗೂಡು, ಅದರಲ್ಲಿ ಕಂದುಚುಕ್ಕೆಯ ಮೊಟ್ಟೆಗಳು.

"ಇದರಲ್ಲಿ ಕೂಗಿ ಎಷ್ಟು ದಿನ ಆಯ್ತೋ ಆಂಬ್ರೋಸ್?"

ಅವಳ ಹಸು ಫ್ಲೋರಾ ಹೋದ ವಾರವಷ್ಟೇ ಬಂಡೆಯಿಂದ ಜಾರಿ ಸತ್ತಿತ್ತು. ಅಪ್ಪನಿಂದ ಕೆಲಸವನ್ನೂ ಕಂಠವನ್ನೂ ಪಡೆದು, ಇಡೀ ಬೆಟ್ಟಕ್ಕೆ ಕೇಳಿಸುವಂತೆ ಕೂಗುತ್ತಿದ್ದ ಆಂಬ್ರೋಸ್ ಈಗ ಮೀಸೆ ಒರೆಸುತ್ತ ನಿಂತ.

"ಅಯ್ಯೋ, ಹಕ್ಕಿ ಗೂಡು ಬಿಟ್ಟು ಹೋಗುತ್ತೆ ಅಂತ ಕೂಗದೆ ಇದ್ದಾನೆ ಕಣಮ್ಮ," ಎಂದರು ಪಾದ್ರಿ. "ಇವತ್ತು ನಾವು ಬಂದಿದ್ದಕ್ಕೆ ಪಾಪ, ವಿಧಿಯಿಲ್ಲದೆ ಕೈ ಹಾಕಿದ. ಎಂಥ ಮನಸ್ಸು ನೋಡಿ!"

ಜನಕ್ಕೆ ಅದೇ ಹಿಡಿಸಿತು. ಆಲಿಕೆಯನ್ನು ಇದ್ದಲ್ಲೇ ಇಟ್ಟರು. ಆಂಬ್ರೋಸ್ ಅಂಗೈಗಳನ್ನೇ ಬಾಯಿಯ ಸುತ್ತ ಆಲಿಕೆಯಂತೆ ಹಿಡಿದು ಕೂಗಿದ. ಪಕ್ಕದ ಕಲ್ಲಿನ ಮೇಲೆ ಪಿಪಿಟ್ ಬಾಲ ಕುಣಿಸುತ್ತ ಚಿಪ್ ಚಿಪ್ ಎಂದು ಬೈಯುತ್ತಲೇ ಇತ್ತು.

ಊಟಕ್ಕೆ ಕೂತಾಗ ಮೊದಲ ಸೌಟು ಅವನಿಗೇ ಬಿತ್ತು: ಆಲೂಗಡ್ಡೆ, ಚೀಸ್ ಹಾಕಿದ ಮ್ಯಾಕರೋನಿ, ಮೇಲೆ ಸೇಬಿನ ಗೊಜ್ಜು. "ತಿನ್ನೋ, ಸಂತ ಆಂಬ್ರೋಸ್!" ಎಂದು ಟೋನಿ ಬೆನ್ನು ತಟ್ಟಿದ. ಆಂಬ್ರೋಸ್ ಮ್ಯಾಕರೋನಿಯನ್ನು ತಟ್ಟೆಯ ಅಂಚಿಗೆ ತಳ್ಳುತ್ತ ಕೂತ. ಕೆಲವು ವಾರಗಳ ಹಿಂದೆ ಒಂದು ಸಂಜೆ ಮಂಜು ಕವಿದಿತ್ತು, ಕಾಲು ಸೆಳೆಯುತ್ತಿತ್ತು. ನಾಳೆ ಕೂಗಿದರಾಯಿತು ಎಂದುಕೊಂಡಿದ್ದ. ಬೆಳಿಗ್ಗೆ ಎದ್ದು ನೋಡಿದರೆ ಹಸುಗಳೆಲ್ಲ ಇದ್ದವು. ಮರುದಿನವೂ ಇದ್ದವು. ಆಮೇಲೆ ನೋಡುವುದನ್ನೂ ಬಿಟ್ಟಿದ್ದ. ಫ್ಲೋರಾಳ ಕೊರಳ ಗಂಟೆಯನ್ನು ಅಗಾಥಾಳ ಕೈಗಿಟ್ಟಾಗ "ಬಂಡೆ ಒದ್ದೆಯಾಗಿತ್ತು" ಎಂದಿದ್ದ. ಒದ್ದೆಯಾಗಿದ್ದದ್ದೇನೋ ನಿಜ. ಅಷ್ಟು ಮಾತ್ರ ನಿಜವಾಗಿದ್ದದ್ದೇ ಅವನನ್ನು ಕೊರೆಯುತ್ತಿತ್ತು.

ಹೊರಡುವಾಗ ಅಗಾಥಾ ಅವನ ತೋಳು ಹಿಡಿದಳು. ಅವಳ ಕಣ್ಣಲ್ಲಿ ಈಗ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಹಗುರಾಗುತ್ತಿತ್ತು.

"ನಮ್ಮ ಫ್ಲೋರಾ ಹೋದ್ಲು, ಹೋಗ್ಲಿ ಬಿಡು. ಆ ಮೊಟ್ಟೆಗಳಿಂದ ಮರಿಗಳಾದ್ರೂ ಹೊರಬಂದು ಬದುಕಿದ್ರೆ ನಂಗೆ ಸಮಾಧಾನ. ಆ ಹಕ್ಕಿಗೋಸ್ಕರ ತಾನೇ ನೀನು ಕೂಗದೆ ಇದ್ದದ್ದು?"

ಹೂಂ ಎಂದರೆ ಮುಗಿಯುತ್ತಿತ್ತು. ಪಾದ್ರಿಗಳೂ ಮುಗುಳ್ನಗುತ್ತ ಕಾಯುತ್ತಿದ್ದರು.

"ಇಲ್ಲ ಅಗಾಥಕ್ಕ," ಎಂದ ಆಂಬ್ರೋಸ್. "ಹಕ್ಕಿ ಇದೆ ಅಂತ ನಂಗೂ ಇವತ್ತೇ ಗೊತ್ತಾಗಿದ್ದು. ನಾನು ಮಲಗಿಬಿಡ್ತಿದ್ದೆ."