ಕತ್ತಲಿಗೆ ಕಾವಲು ಕೂತ ಅನುಮಾನದ ಮನುಷ್ಯ

ಬೆಳಕು ಹರಿಯುವ ಮುನ್ನವೇ ಅವರು ನನ್ನ ಜೇಬು ತಡಕುತ್ತಿದ್ದಾರೆ. ಮೊಬೈಲ್ ಹೋಯಿತು, ಕೈಗಡಿಯಾರವೂ ಹೋಯಿತು. 'ಮುಳ್ಳು ಹೊಳೆಯುತ್ತೆ' ಎನ್ನುತ್ತಾರೆ. ಕನ್ನಡಕವನ್ನು ತಿರುಗಿಸಿ ನೋಡಿ, ಒಲ್ಲದ ಮನಸ್ಸಿನಿಂದ ವಾಪಸು ಕೊಟ್ಟು, ಕಪ್ಪು ಪರದೆ ಸರಿಸಿ ಒಳಗೆ ಬಿಡುತ್ತಾರೆ. ಕೆಂಪು ಬಲ್ಬಿನ ಮಂಕಿನಲ್ಲಿ, ಗಾಜಿನ ಬಟ್ಟಲುಗಳ ತುಂಬ ಪುಟ್ಟ ಅಣಬೆಗಳು ತಲೆ ಎತ್ತಿ ನಿಂತಿವೆ.

ಈ ಸಂಶೋಧನಾಲಯದಲ್ಲಿ ಇವರನ್ನು ಎಲ್ಲರೂ ಕರೆಯುವುದು ಕತ್ತಲಣ್ಣ ಎಂದೇ. ಮೊದಲು ಸೀಸೆ ತೊಳೆಯುತ್ತಿದ್ದರು, ಈಗ ಕತ್ತಲೆ ಕಾಯುತ್ತಾರೆ. ಎಲೆಮರೆಯ ಕಾಯಿಗಳ ಬಗ್ಗೆ ನನಗೆ ಮೊದಲಿಂದಲೂ ಗುಮಾನಿ. ಪತ್ರಿಕೆಗೆ ಫೋಟೊ ಎಂದ ಕೂಡಲೇ ತಾವೇ ಎಲೆ ಸರಿಸಿಕೊಂಡು ಈಚೆ ಬಂದ ಕಾಯಿಗಳನ್ನು ಕಂಡಿದ್ದೇನೆ. ಇವರಿಗೆ ನನ್ನ ಮೇಲೆ ಅದಕ್ಕಿಂತ ಹೆಚ್ಚು ಗುಮಾನಿ. ಹಾಗಾಗಿ ನಮ್ಮಿಬ್ಬರಿಗೆ ಬೇಗ ಹೊಂದಿಕೆಯಾಗುತ್ತದೆ.

ಅಣಬೆಯ ತಲೆಯೊಳಗಿನ ಒಂದೊಂದು ಜೀವಕೋಶದಲ್ಲೂ ತಂದೆ ಕಡೆಯದೊಂದು, ತಾಯಿ ಕಡೆಯದೊಂದು ಎಂದು ಎರಡು ಕೋಶಕೇಂದ್ರಗಳಿರುತ್ತವೆ. ಬೀಜಕಣ ಆಗುವ ಹೊತ್ತಿಗೆ ಅವೆರಡೂ ಕೂಡಿ ಒಂದಾಗಿ, ಮತ್ತೆ ನಾಲ್ಕಾಗಿ ಒಡೆಯುತ್ತವೆ. ಒಡೆಯುವ ಮುಂಚೆ ಡಿಎನ್ಎ ಇಮ್ಮಡಿಯಾಗಬೇಕು. ಆಸ್ತಿ ಪಾಲಾಗುವ ಮುನ್ನ ಪತ್ರದ ನಕಲು ತೆಗೆಸಿದ ಹಾಗೆ. ನಕಲಾಗುವುದು ಎರಡೂ ಕೂಡುವ ಮೊದಲೋ, ಕೂಡಿದ ಮೇಲೋ? ಇಲ್ಲಿನ ಸಂಶೋಧಕಿ ಹುಡುಕುತ್ತಿರುವುದು ಇದನ್ನೇ. ಕತ್ತಲಲ್ಲಿ ಬೆಳೆದ ಅಣಬೆಗೆ ಬೆಳಕು ತಾಕಿದ್ದೇ ಗಂಟೆ ಹೊಡೆದಂತೆ, ಎಲ್ಲ ಅಣಬೆಗಳೂ ಒಟ್ಟಿಗೆ ಕೆಲಸ ಶುರುಮಾಡುತ್ತವೆ. ಕೆಂಪು ಬೆಳಕು ಮಾತ್ರ ಅವಕ್ಕೆ ಲೆಕ್ಕಕ್ಕಿಲ್ಲ. ಬೆಳಗ್ಗೆ ದೊಡ್ಡ ದೀಪ ಹಾಕಿ, ಅಲ್ಲಿಂದ ಹೊತ್ತು ಎಣಿಸಿ ಅಣಬೆ ಕೊಯ್ಯುತ್ತಾರೆ. ಆದರೆ ಎರಡು ಸಲ ಕೊಯ್ದಾಗಲೂ ಒಳಗೆ ಕೂಡುವುದು, ಒಡೆಯುವುದು ಎಲ್ಲ ಮುಗಿದುಹೋಗಿತ್ತು. ಯಾರೋ ಮೊದಲೇ ಬೆಳಕು ಬಿಟ್ಟಿದ್ದಾರೆ.

'ಯಾರೋ' ಎಂದರೆ ಕತ್ತಲಣ್ಣನೇ ಇರಬೇಕೆಂದು ಸಂಶೋಧಕಿಯ ಅನುಮಾನ. ಬಾಯಿಬಿಟ್ಟು ಹೇಳಿಲ್ಲ, ಆದರೆ ಈ ಸಲದ್ದೂ ಕೆಟ್ಟರೆ ಕೋಣೆ ಬೇರೆಯವರ ಪಾಲು, ಇವರು ಮತ್ತೆ ಸೀಸೆ ತೊಳೆಯಲು. ಕತ್ತಲಣ್ಣನ ಅನುಮಾನವೋ ಕಸ ಗುಡಿಸುವಾಕೆ, ಪಕ್ಕದ ಕೋಣೆಯ ಇಲಿ ಸಾಕುವವನು, ಕಾವಲುಗಾರ ಎಲ್ಲರ ಮೇಲೂ ಒಂದು ಸುತ್ತು ಬಂದಿದೆ. ಪರದೆ ಹೊಲಿದ ಹೆಂಡತಿಯನ್ನೂ ಬಿಟ್ಟಿಲ್ಲ. 'ಸೂಜಿ ತೂತಲ್ಲಿ ಬೆಳಕು ಬರುತ್ತೇನೋ ಅಂದೆ. ಸೂಜಿ ನನ್ ಕೈಗೇ ಕೊಟ್ಟು, ನೀವೇ ಹೊಲ್ಕೊಳ್ಳಿ ಅಂದ್ಲು. ಆವತ್ತಿಂದ ಅವಳ ಮೇಲೆ ಅನುಮಾನ ಬಿಟ್ಟೆ.'

ಈಗ ಬೆಳಕು ನುಸುಳುವ ಸಂದಿ ಹುಡುಕಲು ಕೆಂಪು ಬಲ್ಬು ಆರಿಸುತ್ತಾರೆ. ಕಣ್ಣಿಗೆ ಕೈ ಕಾಣದಂಥ ಕತ್ತಲು. 'ಹಾಕಪ್ಪಾ' ಎಂದು ಹೊರಗಿನ ಕಾವಲುಗಾರನಿಗೆ ಕೂಗುತ್ತಾರೆ. ಓಣಿಯ ಟ್ಯೂಬ್‌ಲೈಟು ಹೊತ್ತಿಕೊಂಡಿದ್ದೇ ಬಾಗಿಲ ಬುಡದಲ್ಲಿ ಬಿಳಿ ಗೆರೆ ಮೂಡುತ್ತದೆ, ಹತ್ತಿರದ ಬಟ್ಟಲುಗಳ ಅಂಚೂ ಕಾಣುತ್ತದೆ.

'ಸಿಕ್ತು ನೋಡಿ' ಎನ್ನುತ್ತ ಕುಕ್ಕುರುಗಾಲಲ್ಲಿ ಕೂತು ಸಂದಿಗೆ ಬಟ್ಟೆ ತುರುಕುತ್ತಾರೆ. 'ದಿನಾ ಹೀಗೇ ಹಿಡೀತೀನಿ. ಒಂದು ಮುಚ್ಚಿದ್ರೆ ಇನ್ನೊಂದ್ಕಡೆ ಬರುತ್ತೆ.'

ಅಷ್ಟು ಸಣ್ಣ ಗೆರೆಯಿಂದ ಏನಾದೀತು ಎಂದು ಕೇಳುತ್ತೇನೆ.

'ಏನ್ ಹೀಗಂತೀರಿ? ನಮ್ಮ ಕಣ್ಣಿಗೇ ಕಂಡಿದ್ದು ಅವಕ್ಕೆ ಕಾಣದೆ ಇರುತ್ತಾ...'

ಬಟ್ಟೆ ತುರುಕುತ್ತಿದ್ದ ಸದ್ದು ನಿಲ್ಲುತ್ತದೆ. ದನಿ ತಗ್ಗುತ್ತದೆ. 'ದಿನಾ ಈ ದೀಪ ನಾನೇ ಹಾಕ್ಸಿದೀನಲ್ಲ ಸ್ವಾಮೀ.'

ತಪ್ಪನ್ನು ಕಾವಲುಗಾರನ ತಲೆಗೆ ಕಟ್ಟಿಬಿಡುವುದು ಸುಲಭ, ಸ್ವಿಚ್ಚು ಒತ್ತಿದವನು ಅವನೇ. ಹಾಗೆ ಮಾಡಿಯಾರು ಎಂದೇ ನಾನು ಕಾಯುತ್ತೇನೆ. ಸಂಶೋಧಕಿ ಬರುತ್ತಾರೆ. ಕತ್ತಲಣ್ಣ ಓಣಿಯಲ್ಲೇ ಎದುರು ಹೋಗಿ ನಿಲ್ಲುತ್ತಾರೆ. 'ಮೇಡಂ, ಕಳ್ಳ ಸಿಕ್ದ. ನಾನೇ. ಬೆಳಕು ಬರುತ್ತಾ ನೋಡೋಕೆ ಅಂತ ದೀಪ ಹಾಕಿಸ್ತಿದ್ದೆ. ಇವತ್ತೂ ಹಾಕ್ಸಿದೆ.'

ಸಂಶೋಧಕಿ ಅವರನ್ನು ದಿಟ್ಟಿಸುತ್ತಾರೆ. 'ದಿನಾನಾ ಅಣ್ಣಾ?'

'ದಿನಾ.'

'ಇವತ್ತು ಎಷ್ಟು ಹೊತ್ತಿಗೆ?'

ಅವರು ಉತ್ತರಿಸುವ ಮೊದಲೇ ಆಕೆ ಕಾವಲುಗಾರನನ್ನೂ ಕೇಳುತ್ತಾರೆ. ನಂಬಿಕೆ ಇನ್ನೂ ಬಂದಿಲ್ಲ. ಇಬ್ಬರ ಮಾತೂ ತಾಳೆಯಾಗುತ್ತದೆ. 'ಹಾಗಾದ್ರೆ ಅಲ್ಲಿಂದಲೇ ಎಣಿಸೋಣ. ಬಾಗಿಲ ಹತ್ತಿರ ಬೆಳಕು ತಾಕಿದ್ದನ್ನ ಮಾತ್ರ ಕೊಯ್ಯಿರಿ.'

ಮಧ್ಯಾಹ್ನ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದ ಸಂಶೋಧಕಿ, ಮೊದಲು ಕರೆಯುವುದು ಕತ್ತಲಣ್ಣನನ್ನು. ಅವರ ನಂತರ ನಾನೂ ಇಣುಕುತ್ತೇನೆ. ಎರಡು ಚುಕ್ಕೆಗಳು, ಇನ್ನೂ ಬೇರೆ ಬೇರೆ. ಡಿಎನ್ಎಗೆ ಹಚ್ಚಿದ ಬಣ್ಣದಲ್ಲಿ ಎರಡೂ ಇಮ್ಮಡಿ ಹೊಳೆಯುತ್ತಿವೆ, ಅಂದರೆ ಕೂಡುವ ಮೊದಲೇ ನಕಲಾಗಿದೆ ಎನ್ನುತ್ತಾರೆ ಆಕೆ. ಕೋಣೆ ಸದ್ಯಕ್ಕೆ ಉಳಿಯುತ್ತದೆ, ಕತ್ತಲಣ್ಣನೂ.

ಹೊರಡುವಾಗ, ನಿಮಗೇನಾದರೂ ಬೇಕೇ ಎಂದು ಕೇಳುತ್ತೇನೆ. ಮೊಬೈಲು, ಗಡಿಯಾರ ಎರಡನ್ನೂ ಒರೆಸಿ ನನ್ನ ಕೈಗಿಡುತ್ತಾರೆ.

'ಓಣಿ ಸ್ವಿಚ್ಚಿಗೊಂದು ಬೀಗ ಹಾಕ್ಸಿದ್ರೆ ಸಾಕು' ಎನ್ನುತ್ತಾರೆ. 'ಕೀಲಿ ಮಾತ್ರ ನನ್ ಕೈಗೆ ಕೊಡಬಾರದು.'