ಗಾಜಿನ ಪಡಸಾಲೆಗೆ ಫಕ್ಕೀರಪ್ಪನ ರೇಟು

ಸವಣೂರಿನ ಮನೆಗೆ ಮಗ ಗಾಜಿನ ಮಾಡಿನ ಪಡಸಾಲೆ ಕಟ್ಟಿಸಿದ ದಿನವೇ ಶೇಖವ್ವ ಫಕ್ಕೀರಪ್ಪನ ಹೆಸರು ಕೇಳಿದ್ದು. "ಗಾಜು ಒರಸಾಕ ಅವನ್ನ ಕರಸ್ರಿ," ಎಂದಳು ಪಕ್ಕದ ಮನೆಯ ಸಿದ್ದವ್ವ, "ಆದ್ರ ರೇಟು ಕೇಳೂ ಮುಂದ ಒಲಿ ಮ್ಯಾಲ ಬ್ಯಾಳಿ ಇಡ್ರಿ. ಬ್ಯಾಳಿ ಬೆಂದ್ರೂ ಅವನ ಮಾತು ಮುಗಿಯಂಗಿಲ್ಲ." ಖರೇನೇ. ಏಣಿಯನ್ನು ಗೋಡೆಗೆ ಆನಿಸಿ, ಟವೆಲ್ ಹಾಸಿ ನೆಲದ ಮೇಲೆ ಅಂಗಾತ ಮಲಗಿ, ಮಾಡಿನ ಗಾಜನ್ನು ಹೆಣ್ಣು ನೋಡಲು ಬಂದ ಬೀಗರ ಹಾಗೆ ನೋಡುವವ ಅವ. ರಸ್ತೆಯ ಧೂಳಿಗೆ ಒಂದು ರೇಟು, ಒಗ್ಗರಣೆ ಹೊಗೆಯ ಜಿಡ್ಡಿಗೆ ಇನ್ನೊಂದು, ಪಾರಿವಾಳದ ಹಿಕ್ಕೆಗೆ ಎಲ್ಲಕ್ಕಿಂತ ಹೆಚ್ಚು. "ಪಾರಿವಾಳನ ನಾವು ಕರದಿದ್ವೇನು ಕಾಕಾ?" ಎಂದು ಸೊಸೆ ಶೀಲಾ ಚೌಕಾಶಿಗೆ ನಿಂತರೆ, "ನಾನೂ ಕಳಸಿದ್ದಿಲ್ಲ ಬಿಡವ್ವಾ," ಎಂದು ಮಲಗಿದಲ್ಲಿಂದಲೇ ಜವಾಬು. ಹಾನಗಲ್ಲು, ಶಿಗ್ಗಾವಿ, ಹಿರೇಕೆರೂರು, ಎಲ್ಲಿ ಗಾಜಿನ ಮನೆ ಎದ್ದರೂ ಅದರ ನೆಲದಲ್ಲಿ ಒಮ್ಮೆ ಮಲಗಿ ಎದ್ದವ. ಹೋದ ಮಳೆಗಾಲದಲ್ಲಿ ಬಂದಾಗಲೂ ಮಲಗಿದ. "ಪಾರಿವಾಳ ಭಾಳ ಹೊಲಸು ಮಾಡ್ಯಾವ್ರಿ," ಎಂದು ದೊಡ್ಡ ರೇಟನ್ನೇ ಹೇಳಿದ. ಶೀಲಾ ಗೊಳ್ಳನೆ ನಕ್ಕಳು: "ರಾತ್ರಿ ಮಳಿ ಎಲ್ಲಾ ತೊಳದು ಹೋಗೇತಿ ಕಾಕಾ, ಎಲ್ಲೈತಿ ತೋರಸು!" ಅವನು ಬೆರಳೆತ್ತಿ ತೋರಿಸಿದ ಕಡೆ ಬರೀ ಆಕಾಶವಿತ್ತು. ಸೊಸೆ ಒಳಗೆ ಹೋದ ಮೇಲೆ ಶೇಖವ್ವ ಬಗ್ಗಿ ನೋಡಿದಳು. ಎರಡೂ ಕಣ್ಣು ಹಾಲು ಚೆಲ್ಲಿದಂತೆ ಬೆಳ್ಳಗಾಗಿದ್ದವು. "ದವಾಖಾನಿಗೆ ಹೋಗಪಾ," ಎಂದಳು. "ಹೋಗಿದ್ದೆರಿ. ಹೋದ ಕಣ್ಣು ಇನ್ನ ತಿರುಗಿ ಬರಂಗಿಲ್ಲಂತ." ಏಣಿ ತಡವಿ ಹಿಡಿದು ನಿಂತು, ದನಿ ಇಳಿಸಿ, ಅವನು ಅವಳನ್ನು ಕೇಳಿದ: "ಒರಸೂದು ಕೈಗೆ ಗೊತ್ತೈತ್ರಿ ಅವ್ವಾರ, ರೇಟು ಹೇಳಾಕ ಅಷ್ಟ ಕಣ್ಣು ಬೇಕು. ನಾಳೆ ಹತ್ತಿಮತ್ತೂರಾಗ ಒಂದು ಮನಿ ನೋಡೂದೈತಿ. ನೀವು ನನ್ನ ಜೋಡಿ ಬರ್ರಿ. ಗಾಜು ಹೊಲಸಿದ್ರ ಒಮ್ಮೆ ಕೆಮ್ಮ್ರಿ, ಸಾಕು."