ಬಾಪ್ಪುವಿನ ಬಟ್ಟಲು

ರಾಗಿಮುದ್ದೆಯನ್ನು ಅಗಿದು ತಿಂದವರು ಈ ಮಾಲೂರಿನಲ್ಲಿ ನಾವು ಮೂವರೇ ಇರಬೇಕು. ಎಪ್ಪತ್ತರ ದಶಕದ ಆರಂಭದಲ್ಲಿ ಮಂಗಳೂರು ಕಡೆಯಿಂದ ಬಂದಿಳಿದ ದಿನ, ನಾವು ತಂಗಿದ್ದ ಹಂಚಿನ ಕಾರ್ಖಾನೆಯ ಶೆಡ್ಡಿನ ಪಕ್ಕದ ಮನೆಯ ಮುನಿಯಮ್ಮ ಬಿಸಿ ಮುದ್ದೆ, ಹುರುಳಿಸಾರು ತಂದಿಟ್ಟಳು. ಪಪ್ಪ ಶಿಲುಬೆಯ ಗುರುತು ಮಾಡಿಕೊಂಡು ಒಂದು ತುತ್ತು ಬಾಯಿಗಿಟ್ಟು ಅಗಿದೇ ಅಗಿದರು. ಅದು ಹಲ್ಲಿಗೆ ಮೆತ್ತಿತು. ಅಮ್ಮನಿಗೂ ನನಗೂ ಅದೇ ಗತಿ. ಮುನಿಯಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

"ಅಯ್ಯೋ, ನಮಿಲಬಾರ್ದು ಕಣಣ್ಣ, ನುಂಗ್ಬೇಕು. ಸಾರ್ನಾಗೆ ಅದ್ದಿ ಸುಮ್ನೆ ಒಳಕ್ಕೆ ಬಿಡು."

ನುಂಗುವುದು ಪಪ್ಪನಿಗೆ ಹೊಸದೇನೂ ಅಲ್ಲ. ಅವರು ನುಂಗಿಕೊಂಡದ್ದು ಏನೆಂದು ಮಂಗಳೂರು ಕಡೆಯ ನಮ್ಮ ಊರಿನವರಾದ ನಿಮಗೆ ಗೊತ್ತು. ಇಗರ್ಜಿಯ ಮುಂದಿನ ಬೆಂಚಿನಲ್ಲಿ ಕೂರುವವರಿಗೆ ಇನ್ನೂ ಚೆನ್ನಾಗಿ ಗೊತ್ತು. ಆದರೂ ಬರೆಯುತ್ತೇನೆ. ಕ್ಷಮಿಸುವುದು ಪಪ್ಪನ ಸ್ವಭಾವ, ನನ್ನದಲ್ಲ.

ಸೆಪ್ಟೆಂಬರಿನ ಮೊಂತಿ ಹಬ್ಬ, ಅಂದರೆ ಮರಿಯಮ್ಮನ ಹುಟ್ಟುಹಬ್ಬ, ನಮ್ಮಲ್ಲಿ ತೆನೆಹಬ್ಬವೂ ಹೌದು. ಇಗರ್ಜಿಯಲ್ಲಿ ಆಶೀರ್ವದಿಸಿದ ಹೊಸ ಭತ್ತದ ತೆನೆ ಮನೆಗೆ ಬರುತ್ತದೆ. ಅದರ ಕಾಳು ಸುಲಿದು, ತೆಂಗಿನ ಹಾಲಿಗೆ ಹಾಕಿ, ಮನೆಯ ಹಿರಿಯ ಎಲ್ಲರಿಗೂ ಬಟ್ಟಲಲ್ಲಿ ಹಂಚುತ್ತಾನೆ. ದೂರದಲ್ಲಿರುವ ಮಕ್ಕಳಿಗೂ ನಾಲ್ಕು ಕಾಳು ಅಂಚೆಯಲ್ಲಿ ಹೋಗುತ್ತದೆ. ಕಾಳು ಬಂದವರು ಮನೆಯವರು. ಬಾರದವರು ಯಾರೂ ಅಲ್ಲ.

ಅಮ್ಮ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊರುತ್ತಿದ್ದವಳು. ಪಪ್ಪ ಅಲ್ಲೇ ಹಂಚು ಸುಡುವ ಗೂಡಿನ ಮೇಸ್ತ್ರಿ. ನಡುವಯಸ್ಸು ಮುಟ್ಟಿದ ಮೇಲೆ ಅವಳನ್ನೇ ಮದುವೆಯಾದರು. ಅಜ್ಜಿ ಬದುಕಿರುವವರೆಗೆ ಅಮ್ಮನ ಮುಂದೆಯೂ ಬಟ್ಟಲಿತ್ತು. ಅಜ್ಜಿ ತೀರಿಕೊಂಡ ವರ್ಷ ಹಂಚುವ ಅಧಿಕಾರ ಬಾಪ್ಪುವಿಗೆ, ಎಂದರೆ ನನ್ನ ದೊಡ್ಡಪ್ಪನಿಗೆ ಬಂತು. ಅವರು ಪಪ್ಪನಿಗೊಂದು ಬಟ್ಟಲಿಟ್ಟು ಅಮ್ಮನನ್ನೂ ನನ್ನನ್ನೂ ದಾಟಿ ಮುಂದೆ ಹೋದರು.

"ಮಣ್ಣು ಹೊತ್ತವಳಿಗೆ ಈ ಮನೆಯ ತೆನೆ ಯಾಕೆ?" ಎಂದರು. ಮೆಲ್ಲಗೆ ಕೂಡ ಅಲ್ಲ.

ಪಪ್ಪ ಜಗಳವಾಡಲಿಲ್ಲ. ತಮ್ಮ ಬಟ್ಟಲನ್ನು ಮುಟ್ಟದೆ ಎದ್ದು, ಅಮ್ಮನ ಕೈ ಹಿಡಿದು ಹೊರಗೆ ನಡೆದರು. ಅದಾಗಿ ಕೆಲವೇ ದಿನಗಳಲ್ಲಿ ಮಾಲೂರಿನ ಹಂಚಿನ ಕಾರ್ಖಾನೆಯ ಕೆಲಸ ಹಿಡಿದು ರೈಲು ಹತ್ತಿದೆವು.

ಇಲ್ಲಿಯ ಮಣ್ಣೂ ಕೆಂಪೇ, ಆದರೆ ಅದು ಗಾಳಿಯಲ್ಲಿ ಹಾರುತ್ತದೆ. ಅಲ್ಲಿ ಬಾಗಿಲಿಗೆ ಮೀನು ಬರುತ್ತಿತ್ತು, ಇಲ್ಲಿ ಟೊಮೆಟೊ ಬರುತ್ತದೆ. ಅಂಗಡಿಯಲ್ಲಿ ಕನ್ನಡದಲ್ಲಿ ಕೇಳಿದರೆ ತೆಲುಗಿನಲ್ಲಿ ಉತ್ತರ. "ಎಂತ?" ಎಂದು ನಾನು ಕೇಳಿದರೆ ಶಾಲೆಯ ಹುಡುಗಿಯರು ವಾರಗಟ್ಟಲೆ ಅದನ್ನೇ ಹೇಳಿಕೊಂಡು ನಗುತ್ತಿದ್ದರು. ಬಾಡಿಗೆಗೆ ಮನೆ ಕೇಳಲು ಹೋದಲ್ಲೆಲ್ಲ "ನೀವೇನ್ ಜನ?" ಎಂಬ ಪ್ರಶ್ನೆ. ಅದನ್ನು ಗಂಡನ ಅಣ್ಣನ ಬಾಯಲ್ಲಿ ಕೇಳಿದ್ದಕ್ಕಿಂತ ಅಪರಿಚಿತರ ಬಾಯಲ್ಲಿ ಕೇಳುವುದು ಮೇಲು ಎಂದು ಅಮ್ಮ ಹೇಳುತ್ತಿದ್ದಳು. ಕೊನೆಗೆ ಮುನಿಯಮ್ಮ ತನ್ನ ಮನೆಗೆ ಅಂಟಿಕೊಂಡಿದ್ದ ಎರಡು ಕೋಣೆ ಬಿಟ್ಟುಕೊಟ್ಟಳು. ಸಂಜೆ ನಾವು ಕೊಂಕಣಿಯಲ್ಲಿ ಜಪಸರ ಹೇಳುವಾಗ, "ಪೆದ್ರಣ್ಣನ ಮನೇಲಿ ಭಜನೆ ಸುರುವಾಯ್ತು, ದೀಪ ಹಚ್ರೇ" ಎಂದು ಪಪ್ಪನ ಹೆಸರು ಹಿಡಿದು ತನ್ನ ಸೊಸೆಯರನ್ನು ಎಬ್ಬಿಸುತ್ತಿದ್ದಳು.

ಮೊದಲ ವರ್ಷದ ಹಬ್ಬ ಬಂತು. ಪಪ್ಪ ವಾರವಿಡೀ ಪೋಸ್ಟ್‌ಮ್ಯಾನ್‌ನ ದಾರಿ ಕಾದರು. ಅಣ್ಣ ಎಷ್ಟೆಂದರೂ ಅಣ್ಣ, ನಾಲ್ಕು ಕಾಳು ಕಳಿಸದೆ ಇರುತ್ತಾನೆಯೇ ಎಂಬ ನಂಬಿಕೆ ಅವರದು. ಕಳಿಸಲಿಲ್ಲ. ಬರಿಗೈ ಆಡಿಸುತ್ತ ಸೈಕಲ್ ತುಳಿದು ಹೋದ ಪೋಸ್ಟ್‌ಮ್ಯಾನ್‌ನ ಬೆನ್ನನ್ನು ಪಪ್ಪ ನೋಡುತ್ತ ನಿಂತದ್ದು ನನ್ನ ಕಣ್ಣಲ್ಲಿದೆ. ಬಾಪ್ಪುವನ್ನು ನಾನು ದ್ವೇಷಿಸಲು ಶುರುಮಾಡಿದ್ದು ಅಂದೇ.

"ಹೊಸ ತೆನೆ ತಾನೇ ಬೇಕಾಗಿರೋದು? ಅದಕ್ಯಾಕಣ್ಣ ಹಿಂಗ್ ಮಖ ಮಾಡ್ಕೊಂಡಿದ್ದೀಯ?" ಎಂದ ಮುನಿಯಮ್ಮ, ಬಾವಿ ನೀರಲ್ಲಿ ಮುಂಚೆಯೇ ಬೆಳೆದಿದ್ದ ರಾಗಿಯ ತೆನೆ ಕೊಯ್ದು ತಂದಳು. ಪಪ್ಪ ಅಂಜುತ್ತಲೇ ಅದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಕೋಲಾರದ ಇಗರ್ಜಿಗೆ ಹೋದರು. ಅಲ್ಲಿನ ಪಾದ್ರಿಗಳು ನಕ್ಕು, "ದೇವರು ಭತ್ತಕ್ಕೆ ಮಾತ್ರ ಬಿಸಿಲು ಕೊಡ್ತಾನೇನ್ರೀ?" ಎಂದು ಆಶೀರ್ವದಿಸಿ ಕಳಿಸಿದರು.

ಆಮೇಲೆ ಆದದ್ದು ನಮ್ಮವರಿಂದ ಮಾತ್ರ ಆಗಬಹುದಾದ ಕೆಲಸ. ಭತ್ತ ಸುಲಿದು ಅಭ್ಯಾಸವಾಗಿದ್ದ ಅಮ್ಮ ಆ ಸಾಸಿವೆಯಷ್ಟು ರಾಗಿಯನ್ನೂ ಒಂದೊಂದಾಗಿ ಉಗುರಿನಲ್ಲಿ ಸುಲಿಯಲು ಕೂತಳು! ನಾನೂ ಕೂತೆ. ಮಧ್ಯಾಹ್ನ ಇಣುಕಿದ ಮುನಿಯಮ್ಮ ನಕ್ಕೂ ನಕ್ಕೂ ಅಲ್ಲೇ ಕುಸಿದಳು. "ಏನಕ್ಕಾ, ಮುಂದಿನ್ ಹಬ್ಬಕ್ಕಾದ್ರೂ ಮುಗೀತದಾ?" ಎಂದು, ತೆನೆಯನ್ನು ಅಂಗೈಯಲ್ಲಿ ತಿಕ್ಕಿ ಉಫ್ ಎಂದು ಊದಿ ತೋರಿಸಿದಳು.

ಅವತ್ತು ಪಪ್ಪ ಹಂಚಿದ ಮೊದಲ ಬಟ್ಟಲು ಅಮ್ಮನಿಗೆ. ಮತ್ತೆ ನನಗೆ, ಮುನಿಯಮ್ಮನಿಗೆ, ತಮಗೆ. ಕೊನೆಗೆ ಇನ್ನೊಂದನ್ನು ದೇವರ ಪೀಠದ ಕೆಳಗಿಟ್ಟರು. ಅದು ಅಣ್ಣನಿಗೆ.

"ಅವರಿಗ್ಯಾಕೆ?" ಎಂದೆ ಸಿಟ್ಟಿನಿಂದ.

"ತೆನೆ ನನ್ನದಲ್ಲ ಮಗಾ, ಮಾತೆಯದ್ದು. ಒಬ್ಬರನ್ನು ಬಿಡುವುದಕ್ಕೆ ನಾನು ಯಾರು?"

ಪ್ರತಿ ವರ್ಷ ಹೀಗೇ. ಜಪ ಮುಗಿದ ಮೇಲೆ ಆ ಬಟ್ಟಲನ್ನು ಮುನಿಯಮ್ಮನ ಹಸುವಿಗೆ ಕೊಡುವುದು ನನ್ನ ಕೆಲಸ. ಅದು ಬಟ್ಟಲು ನೆಕ್ಕುವಾಗ, "ಬಾಪ್ಪು, ತಿನ್ನು" ಎನ್ನುತ್ತಿದ್ದೆ. ಹಬ್ಬದ ಊಟಕ್ಕಿಂತ ಅದೇ ನನಗೆ ರುಚಿಯಾಗಿತ್ತು.

ಪಪ್ಪ ಇಲ್ಲಿ ಮುದುಕರಾದರು. ಗೂಡಿನ ಬಾಯಿಗೆ ಅವರು ಶಿಲುಬೆ ಬರೆಯದೆ ಯಾವ ಜಾತಿಯ ಆಳೂ ಬೆಂಕಿ ಹಚ್ಚುತ್ತಿರಲಿಲ್ಲ. ಮುಳಬಾಗಿಲು, ಶ್ರೀನಿವಾಸಪುರದ ಬಸ್ಸಿನಲ್ಲಿ ಹೋಗುವಾಗ ಕಾಣುವ ಕೆಂಪು ಮಾಡುಗಳಲ್ಲಿ ಅವರು ಸುಟ್ಟ ಹಂಚು ಎಷ್ಟಿದೆಯೋ. ಎಪ್ಪತ್ತು ದಾಟಿದ ಮೇಲೆ, ಎಂಬತ್ತರ ದಶಕದ ಒಂದು ಸೆಪ್ಟೆಂಬರಿನ ಮೊದಲಿಗೆ, ಕೈಯಲ್ಲಿ ಜಪಸರ ಹಿಡಿದೇ ಹೋದರು.

ಟೆಲಿಗ್ರಾಂ ಮುಟ್ಟಿದ ಕೂಡಲೇ ಬಾಪ್ಪು ಬಾಡಿಗೆ ವ್ಯಾನಿನಲ್ಲಿ ಬಂದರು. ಅದುವರೆಗೆ ಕಾಣದ ದಾರಿ ಅಂದು ಸಲೀಸಾಗಿ ಸಿಕ್ಕಿತು.

"ನಮ್ಮ ಮನೆತನದವ ಈ ಬಯಲಿನಲ್ಲಿ ಮಣ್ಣಾಗುವುದು ಬೇಡ. ಊರಿಗೆ ಕೊಂಡುಹೋಗುವ. ಕುಟುಂಬದ ಸಮಾಧಿಯಲ್ಲಿ ಜಾಗ ಉಂಟು."

ಅಮ್ಮ ತಲೆ ಎತ್ತಲಿಲ್ಲ. ನಾನು ಎತ್ತಿದೆ. "ನಾಳೆ ಅಮ್ಮ ಸತ್ತರೆ ಅವಳಿಗೂ ಅಲ್ಲಿ ಜಾಗ ಉಂಟಾ ಬಾಪ್ಪು?"

ಗೂಡಿನ ಆಳುಗಳೆಲ್ಲ ಅಂಗಳದಲ್ಲಿದ್ದರು. ಬಾಪ್ಪು ಅವರನ್ನೊಮ್ಮೆ, ಗೋಡೆಯನ್ನೊಮ್ಮೆ ನೋಡಿ, "ಅದನ್ನು ಆಮೇಲೆ ನೋಡುವ" ಎಂದರು.

"ಹಾಗಾದರೆ ಪಪ್ಪನೂ ಬರುವುದಿಲ್ಲ."

ಪಪ್ಪನನ್ನು ಕೋಲಾರದಲ್ಲಿ ಮಣ್ಣುಮಾಡಿದೆವು. ಪೆಟ್ಟಿಗೆ ಹೊತ್ತವರು ಮುನಿಯಮ್ಮನ ಮಕ್ಕಳು. ನನಗೆ ದುಃಖದ ಜೊತೆಗೆ ಗೆದ್ದ ಸಂತೋಷವೂ ಇತ್ತು, ಸುಳ್ಳು ಹೇಳುವುದಿಲ್ಲ.

ಜನ ಏನೆಂದಾರು ಎಂದು ಬಾಪ್ಪು ಏಳನೆಯ ದಿನದ ಪೂಜೆಯವರೆಗೆ ಉಳಿದರು. ಮರುದಿನವೇ ಹಬ್ಬ. ಈ ಸಲ ಪಪ್ಪನ ಬದಲು ಅಮ್ಮ ಬಟ್ಟಲಿಟ್ಟಳು, ಬಾಪ್ಪುವಿನ ಮುಂದೆಯೂ. ಇಷ್ಟು ವರ್ಷ ಕಾದಿದ್ದ ಗಳಿಗೆ ಕೈಗೆ ಸಿಕ್ಕಿತ್ತು. ಅವರ ಮುಂದಿನ ಬಟ್ಟಲನ್ನು ಎತ್ತಿಕೊಂಡು ಅಂಗಳಕ್ಕಿಳಿದು, ಅವರು ನೋಡುತ್ತಿರುವಂತೆಯೇ ಹಸುವಿನ ಮುಂದಿಟ್ಟೆ.

"ನೀವು ಒಂದು ಕಾಳೂ ಕಳಿಸಲಿಲ್ಲ. ಪಪ್ಪ ಮಾತ್ರ ಪ್ರತಿ ವರ್ಷ ನಿಮ್ಮ ಪಾಲು ಇಟ್ಟರು. ತಿಂದದ್ದು ಇದು."

ಬಾಪ್ಪುವಿನ ಮುಖ ಬಿಳಿಚಿಕೊಂಡಿತು. ಬೈಯಲಿ, ಎದ್ದು ಹೋಗಲಿ ಎಂದು ನಾನು ಕಾದೆ. ಆಗ ಅಮ್ಮ ತನ್ನ ಬಟ್ಟಲನ್ನು ಮೆಲ್ಲಗೆ ಅವರ ಮುಂದೆ ಸರಿಸಿದಳು. ಬಾಪ್ಪು ಎರಡೂ ಕೈಯಲ್ಲಿ ಅದನ್ನು ಹಿಡಿದು, ತಲೆ ತಗ್ಗಿಸಿ ಕುಡಿದರು. ರಾಗಿಯ ಕಾಳು ಮೀಸೆಗೆ ಅಂಟಿತ್ತು, ಒರೆಸಿಕೊಳ್ಳಲಿಲ್ಲ. ನನ್ನ ಸೇಡನ್ನು ಅಮ್ಮ ನನ್ನ ಕೈಯಿಂದ ಕಸಿದುಕೊಂಡಳು ಎಂದು ಅವಳ ಮೇಲೆ ತಿಂಗಳುಗಟ್ಟಲೆ ಸಿಟ್ಟಿತ್ತು.

ಅಂದಿನಿಂದ ಪ್ರತಿ ಸೆಪ್ಟೆಂಬರಿನಲ್ಲಿ ಊರಿನಿಂದ ಅಂಚೆ ಬರುತ್ತದೆ, ಒಳಗೆ ನಾಲ್ಕು ಕಾಳು ಭತ್ತ. ಅಮ್ಮ ಅದನ್ನು ಸುಲಿದು ರಾಗಿಯ ಜೊತೆಗೇ ಹಾಲಿಗೆ ಹಾಕುತ್ತಾಳೆ. ನಾನು ಬಾಪ್ಪುವನ್ನು ಇನ್ನೂ ಕ್ಷಮಿಸಿಲ್ಲ. ನನ್ನ ಬಟ್ಟಲಿಗೆ ಬಿದ್ದ ಅಕ್ಕಿಕಾಳನ್ನು ಹೆಕ್ಕಿ ಅಂಗೈಯಲ್ಲಿಟ್ಟುಕೊಂಡು, ಹಸುವಿಗೆ ಹಾಕಬೇಕೆಂದು ಅಂಗಳಕ್ಕೆ ಇಳಿಯುತ್ತೇನೆ. ಹಸು ಕೊರಳು ಚಾಚುತ್ತದೆ. ನನ್ನ ಮುಷ್ಟಿ ಮಾತ್ರ ಬಿಚ್ಚುವುದಿಲ್ಲ.